ಮರಿಕೋಳಿಗೆ ಮನುಷ್ಯರ ಮಾತ್ರೆ: ಹೋಗೋದು ಯಾರ ಗಂಟು?

ಮುಂಗಾರು ಮಳೆ ಹಿಡಿದುಕೊಂಡರೆ ಸಾಕು, ಹಾಸನ ಜಿಲ್ಲೆಯ ಮೆಡಿಕಲ್ ಸ್ಟೋರುಗಳಿಗೆ ಹೊಸ ನಮೂನೆಯ ರೋಗಿಗಳು ಹುಟ್ಟಿಕೊಳ್ಳುತ್ತಾರೆ. ಈ ರೋಗಿಗೆ ಎರಡು ಕಾಲು, ಎರಡು ರೆಕ್ಕೆ. ತೂಕ ಕಾಲು ಕಿಲೋ ಮುಟ್ಟುವುದಿಲ್ಲ. ಡಾಕ್ಟರ ಚೀಟಿ ಇಲ್ಲ, ರೋಗಿ ಅಂಗಡಿಗೆ ಬರುವುದೂ ಇಲ್ಲ. ಬರುವವಳು ಅದರ ಯಜಮಾನಿ. "ಅಣ್ಣಾ, ಭೇದಿ ನಿಲ್ಲೋಕೆ ಎರಡು ಮಾತ್ರೆ ಕೊಡಿ" ಅಂತಾಳೆ. "ಯಾರಿಗಮ್ಮಾ?" ಅಂದರೆ, "ಕೋಳಿಮರಿಗೆ ಕಣಣ್ಣಾ, ರಕ್ತ ಹಾಕ್ತಾ ಅವೆ" ಅನ್ನೋ ಉತ್ತರ. ಹಿಂದೆ ನಾಲ್ಕು ಜನ ಗಿರಾಕಿ ನಿಂತಿರುತ್ತಾರೆ. ಅವಳ ಬಸ್ಸು ಹೊರಡೋಕೆ ಐದೇ ನಿಮಿಷ. ಅಂಗಡಿಯವನು ಪಟ್ಟಿಯಿಂದ ಎರಡು ಕ್ಯಾಪ್ಸೂಲ್ ಕತ್ತರಿಸಿ ಕೊಡುತ್ತಾನೆ. ವ್ಯಾಪಾರ ಮುಗಿಯಿತು.

ಮುಂದಿನ ಕಥೆ ಮನೆಯಲ್ಲಿ. ಕ್ಯಾಪ್ಸೂಲು ಬಿಚ್ಚಿ ತೆಂಗಿನ ಕರಟದ ನೀರಿಗೆ ಸುರಿಯುತ್ತಾರೆ. ಅರ್ಧ ಮರಿ ಕುಡಿಯುತ್ತವೆ, ಅರ್ಧ ಕುಡಿಯುವುದಿಲ್ಲ. ಬೆಳಗಾದರೆ ಮೂರು ಮರಿ ಕಾಲು ಚಾಚಿರುತ್ತವೆ. ಇನ್ನೆರಡು ದಿನಕ್ಕೆ ಮತ್ತೆ ನಾಲ್ಕು. "ಋಣ ಇರಲಿಲ್ಲ" ಎಂದು ತಿಪ್ಪೆಗೆ ಎಸೆದು ಕೈ ತೊಳೆದುಕೊಳ್ಳುವುದು ಕೊನೆಯ ಅಂಕ. ಕೈ ತೊಳೆಯುವುದೂ ಎಷ್ಟೋ ಮನೆಗಳಲ್ಲಿ ಅನುಮಾನವೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕನ್ನಡದಲ್ಲಿ ಸುಮ್ಮನೆ ಹುಟ್ಟಿಲ್ಲ. ಕೋಳಿಮರಿಯ ವಿಷಯದಲ್ಲಿ ಅದು ದಿನಾ ನಡೆಯುತ್ತಿದೆ.

ಮನೆಮದ್ದು ತಪ್ಪೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕೋಳಿಮರಿಗೆ ಮನೆಯಲ್ಲೇ ಚಿಕಿತ್ಸೆ ಮಾಡುವುದು ಅಪರಾಧವಲ್ಲ. ಹಾಗೆ ನೋಡಿದರೆ ಬೇರೆ ದಾರಿಯೂ ಇಲ್ಲ. ಮರಿಕೋಳಿಗೆ ವಾರ್ಡು, ಮಂಚ, ಗ್ಲೂಕೋಸ್ ಬಾಟಲಿ ಇಟ್ಟ ಆಸ್ಪತ್ರೆ ಎಲ್ಲಿದೆ? ಪಶುವೈದ್ಯರ ಹತ್ತಿರ ಹೋದರೂ ಅವರು ಔಷಧಿ ಬರೆದುಕೊಟ್ಟು "ನೀರಿಗೆ ಹಾಕಿ ಕುಡಿಸಿ" ಎಂದೇ ಕಳಿಸುವುದು. ಕುಡಿಸುವುದು ಮನೆಯವಳೇ. ಆದ್ದರಿಂದ ಪ್ರಶ್ನೆ ಮನೆಯಲ್ಲಿ ಮಾಡಬೇಕೋ ಬೇಡವೋ ಎಂಬುದಲ್ಲ. ಯಾವ ಕಾಯಿಲೆಗೆ ಯಾವ ಮದ್ದು ಎಂದು ತಿಳಿದು ಮಾಡುತ್ತಾರೋ, ಕಣ್ಣು ಮುಚ್ಚಿ ಮಾಡುತ್ತಾರೋ ಎಂಬುದೇ ಪ್ರಶ್ನೆ.

ಭೇದಿ ಅನ್ನೋದು ಕಾಯಿಲೆಯ ಹೆಸರಲ್ಲ. ಅದು ಕಾಯಿಲೆ ಬಾಗಿಲು ಬಡಿಯುವ ಸದ್ದು. ಬಾಗಿಲ ಹಿಂದೆ ನಿಂತವರು ಯಾರು ಎಂದು ತಿಳಿಯಬೇಕಾದರೆ ಎರಡು ವಿಷಯ ನೋಡಬೇಕು. ಮರಿಯ ವಯಸ್ಸೆಷ್ಟು? ಹಿಕ್ಕೆಯ ಬಣ್ಣ ಏನು?

ಮೊಟ್ಟೆಯೊಡೆದು ಬಂದ ಮೊದಲ ವಾರದಲ್ಲಿ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡು ಗಟ್ಟಿಯಾಗಿ ಬಾಯಿ ಕಟ್ಟಿಬಿಡುತ್ತದೆ. ಇದು ಬಹುಪಾಲು ಚಳಿಗೆ, ಪ್ರಯಾಣದ ದಣಿವಿಗೆ, ನೀರು ಸಾಲದ್ದಕ್ಕೆ ಬರುವ ತೊಂದರೆ. ಇದಕ್ಕೆ ಮಾತ್ರೆ ಬೇಡ. ಬಿಸಿನೀರಲ್ಲ, ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಮೆತ್ತಗೆ ನೆನೆಸಿ ಒರೆಸಬೇಕು. ಕಿತ್ತರೆ ಚರ್ಮವೇ ಬರುತ್ತದೆ. ಒರೆಸಿದ ಮೇಲೆ ಒಣಗಿಸಿ ಬೆಚ್ಚಗಿಡಬೇಕು. ಅಷ್ಟೇ ಮದ್ದು.

ಮೂರು ವಾರದೊಳಗಿನ ಮರಿಗಳು ಸುಣ್ಣದಂತೆ ಬೆಳ್ಳಗೆ ಹಾಕುತ್ತಾ, ರೆಕ್ಕೆ ಜೋಲು ಬಿಟ್ಟು ಒಂದರ ಮೇಲೊಂದು ಬಿದ್ದು ಕೀಚಲು ದನಿಯಲ್ಲಿ ಕೂಗಿದರೆ ಅದು ಬಿಳಿಭೇದಿ ಇರಬಹುದು. ಸಾಲ್ಮೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ ಇದರ ಮೂಲ. ತಾಯಿಕೋಳಿಯಿಂದ ಮೊಟ್ಟೆಯೊಳಗೇ ಇಳಿದು ಬರುತ್ತದೆ. ಔಷಧಿಯಿಂದ ಸಾವು ಕಡಿಮೆಯಾದೀತು, ಆದರೆ ಬದುಕುಳಿದ ಕೋಳಿ ರೋಗವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಅದರ ಮೊಟ್ಟೆಯನ್ನು ತಿನ್ನಲು ಚೆನ್ನಾಗಿ ಬೇಯಿಸಬೇಕು, ಕಾವಿಗೆ ಮಾತ್ರ ಕೂರಿಸಬಾರದು.

ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ಕತ್ತು ತಿರುಚುವುದು, ಕಾಲು ಬೀಳುವುದು, ಇಡೀ ಕೇರಿಯ ಕೋಳಿಗಳು ಸಾಲುಸಾಲಾಗಿ ಸಾಯುವುದು. ಇದು ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್. ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ 1927ರ ಸುಮಾರಿಗೆ ಗುರುತಾದ್ದರಿಂದ ಆ ಹೆಸರು. ಇದು ವೈರಸ್. ಇದಕ್ಕೆ ಪಟ್ಟಣದ ಯಾವ ಅಂಗಡಿಯಲ್ಲೂ ಮದ್ದಿಲ್ಲ, ದಿಲ್ಲಿಯಲ್ಲೂ ಇಲ್ಲ. ಲಸಿಕೆ ಒಂದೇ ಗತಿ, ಅದೂ ರೋಗ ಬರುವ ಮುಂಚೆ.

ನಾಲ್ಕನೆಯದು, ಮಳೆಗಾಲದಲ್ಲಿ ಹೆಚ್ಚಾಗಿ ಕಾಣುವ ರಕ್ತಭೇದಿ. ಮೂರರಿಂದ ಆರು ವಾರದ ಮರಿಗಳನ್ನು ಹಿಡಿಯುವುದು ಇದು. ಡಾಕ್ಟರುಗಳು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ಹೆಸರು ನಾಲಿಗೆಗೆ ತೊಡಕು. ಆದರೆ ಕೋಳಿ ಸಾಕುವ ಮನೆಯಲ್ಲಿ ಇದನ್ನು ತಿಳಿಯದೆ ವಿಧಿಯಿಲ್ಲ.

ಒಂದು ಪರೋಪಜೀವಿಯ ಕ್ಯಾಲೆಂಡರು

ರಕ್ತಭೇದಿಯ ಮೂಲ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಐಮೀರಿಯಾ ಎಂಬ ಏಕಕೋಶದ ಪರೋಪಜೀವಿ. ಕರುಳಿನ ಗೋಡೆಯೊಳಗೆ ಹೊಕ್ಕು, ಅಲ್ಲೇ ಸಂಸಾರ ಹೂಡಿ, ಗೋಡೆಯನ್ನೇ ಒಡೆದು ಹೊರಬರುತ್ತದೆ. ಆ ಒಡೆದ ಗೋಡೆಯ ರಕ್ತವೇ ಹಿಕ್ಕೆಯಲ್ಲಿ ಕಾಣುವುದು. ಒಂದು ಮೊಟ್ಟೆ ನುಂಗಿದ ಮರಿ ವಾರದೊಳಗೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ಹಿಕ್ಕೆಯಲ್ಲಿ ಚೆಲ್ಲಬಲ್ಲದು. ಬಡ್ಡಿ ವ್ಯಾಪಾರದವರೂ ನಾಚಬೇಕು.

ಇದರ ಕ್ಯಾಲೆಂಡರನ್ನು ತಿಳಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಆ ಕ್ಷಣಕ್ಕೆ ರೋಗ ಹಚ್ಚುವುದಿಲ್ಲ. ಅದಕ್ಕೆ ತೇವ ಬೇಕು, ಶಾಖ ಬೇಕು, ಗಾಳಿ ಬೇಕು. ಮೂರೂ ಸಿಕ್ಕರೆ ಒಂದೆರಡು ದಿನದಲ್ಲಿ ಅದು ಬಲಿತು ವಿಷವಾಗುತ್ತದೆ. ಒಣಗಿಬಿಟ್ಟರೆ ಸೊರಗುತ್ತದೆ. ಅಂದರೆ ಆಯಾ ದಿನದ ಹಿಕ್ಕೆಯನ್ನು ಆಯಾ ದಿನವೇ ಗುಡಿಸಿ ಆಚೆ ಹಾಕಿದರೆ, ಶತ್ರು ಬಲಿಯುವ ಮುಂಚೆಯೇ ಮನೆ ಬಿಟ್ಟ ಹಾಗೆ. ಇದಕ್ಕೆ ಬೇಕಾಗುವ ಖರ್ಚು ಒಂದು ಪೊರಕೆ. ಫಿನಾಯಿಲ್ ಸುರಿದು ಕೆಲಸ ಆಯಿತು ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ: ಇದರ ಮೊಟ್ಟೆಯ ಚಿಪ್ಪು ಬಲು ಗಟ್ಟಿ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಕುದಿಯುವ ನೀರು, ಉರಿಬಿಸಿಲು, ಒಣ ನೆಲ, ಇವಕ್ಕೆ ಜಗ್ಗುತ್ತದೆ.

ಸಕಲೇಶಪುರದ ಕಡೆ ಜಡಿಮಳೆಯಲ್ಲಿ ಗೂಡಿನ ಹೊಟ್ಟು ದಿನಗಟ್ಟಲೆ ಒಣಗುವುದಿಲ್ಲ. ಅರಸೀಕೆರೆಯ ಒಣನೆಲದಲ್ಲಿ ಬಿಸಿಲೇ ಅರ್ಧ ಡಾಕ್ಟರ ಕೆಲಸ ಮಾಡುತ್ತದೆ. ಆದರೆ ಅಲ್ಲೂ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ನೀರಿನ ಬಟ್ಟಲು ಮಗುಚಿಸಿ, ನಾಲ್ಕು ದಿನ ಹಾಸು ಬದಲಿಸದಿದ್ದರೆ ಪೆಟ್ಟಿಗೆಯೊಳಗೆ ಒಂದು ಪುಟ್ಟ ಮಲೆನಾಡೇ ತಯಾರು.

ಇನ್ನೊಂದು ಲೆಕ್ಕ. ಬಲಿತ ಮೊಟ್ಟೆ ನುಂಗಿದ ನಾಲ್ಕೈದು ದಿನಕ್ಕೆ ರಕ್ತ ಕಾಣಿಸುತ್ತದೆ. ಐದು ಆರನೆಯ ದಿನ ಸಾವು. ಹಾಗಾದರೆ ರಕ್ತ ಕಂಡ ದಿನ ಅದು ರೋಗದ ಮೊದಲ ದಿನವಲ್ಲ, ಹೆಚ್ಚುಕಡಿಮೆ ಕೊನೆಯ ಘಟ್ಟ. ರಕ್ತ ಹಾಕುತ್ತಿರುವ ಮರಿಯ ಕರುಳು ಆಗಲೇ ಹರಿದಿದೆ. ಮದ್ದು ಅದಕ್ಕೆ ಹತ್ತಬಹುದು, ಹತ್ತದೇ ಇರಬಹುದು. ಉಳಿಸಿಕೊಳ್ಳಬೇಕಾದ್ದು ಪಕ್ಕದಲ್ಲಿ ಗಟ್ಟಿಮುಟ್ಟಾಗಿ ಕಾಳು ಕೆದಕುತ್ತಿರುವ ಮರಿಗಳನ್ನು. ಅವೂ ಅದೇ ಹಾಸಿನ ಮೇಲೆ ತಿಂದಿವೆ. ಒಂದು ಮರಿ ರಕ್ತ ಹಾಕಿದರೆ ಎಲ್ಲ ಮರಿಗಳಿಗೂ ಅವತ್ತೇ ಔಷಧಿ ಶುರುವಾಗಬೇಕು. "ಕಾಯಿಲೆ ಇರೋದಕ್ಕೆ ಮಾತ್ರ ಕೊಡೋಣ, ಔಷಧಿ ಯಾಕೆ ದಂಡ" ಎನ್ನುವ ಲೆಕ್ಕಾಚಾರದಲ್ಲೇ ಎಷ್ಟೋ ಮನೆಯ ಗೂಡು ಬರಿದಾಗಿರುವುದು.

ಯಾವುದು ಹತ್ತುತ್ತೆ, ಯಾವುದು ಹತ್ತೋಲ್ಲ

ಮೆಡಿಕಲ್ ಸ್ಟೋರಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಬ್ಯಾಕ್ಟೀರಿಯಾಗೆಂದು ಮಾಡಿದ್ದು. ಐಮೀರಿಯಾ ಬ್ಯಾಕ್ಟೀರಿಯಾ ಅಲ್ಲ. ಮೇಲಾಗಿ ಆ ಕ್ಯಾಪ್ಸೂಲಿನ ಅಳತೆ ಐವತ್ತು ಅರವತ್ತು ಕಿಲೋ ತೂಗುವ ಮನುಷ್ಯನದು. ಒಂದು ದಿನದ ಮರಿ ತೂಗುವುದು ಸುಮಾರು 40 ಗ್ರಾಂ. ಅಂದಾಜಿಗೆ ಚಿಟಿಕೆ ಹಾಕಿದರೆ ಕಮ್ಮಿಯಾದರೂ ಕೆಡುಕು, ಜಾಸ್ತಿಯಾದರೂ ಕೆಡುಕು.

ರಕ್ತಭೇದಿಗೆ ಇರುವ ಔಷಧಿಯೇ ಬೇರೆ. 1939ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧಿ ಈ ರೋಗದ ಮೇಲೆ ಕೆಲಸ ಮಾಡುತ್ತದೆಂದು ಗೊತ್ತಾಯಿತು. 1960ರ ಹೊತ್ತಿಗೆ ಆಂಪ್ರೋಲಿಯಂ ಬಂತು. ಇಂದಿಗೂ ಮನೆಕೋಳಿಗೆ ಸುಲಭವಾಗಿ ಒಗ್ಗುವುದು ಇದೇ. ಇದು ನೋಡಲು ಬಿ-1 ವಿಟಮಿನ್ನಿನಂತೆ ಇರುವ ಪದಾರ್ಥ. ಪರೋಪಜೀವಿ ವಿಟಮಿನ್ ಎಂದು ಮೋಸಹೋಗಿ ಇದನ್ನು ಹೀರಿಕೊಂಡು ಹಸಿವಿನಿಂದ ಸಾಯುತ್ತದೆ. ಹಾಗಾಗಿ ಈ ಔಷಧಿ ನಡೆಯುವಾಗ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಟ್ಟರೆ ಒಂದು ಕೈಯಲ್ಲಿ ಕಟ್ಟಿ ಇನ್ನೊಂದು ಕೈಯಲ್ಲಿ ಬಿಚ್ಚಿದ ಹಾಗೆ. ಟಾನಿಕ್ಕು ಔಷಧಿ ಮುಗಿದ ಮೇಲೆ ಇರಲಿ.

ಅಳತೆ ಇಷ್ಟು. 20 ಪರ್ಸೆಂಟಿನ ಪುಡಿಯಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಸುಮಾರು 0.6 ಗ್ರಾಂ. ರೋಗ ಜೋರಾಗಿದ್ದರೆ 1.2 ಗ್ರಾಂ. ಮೂರರಿಂದ ಐದು ದಿನ. ಆಮೇಲೆ ಲೀಟರಿಗೆ 0.3 ಗ್ರಾಂನಂತೆ ಇನ್ನೊಂದೆರಡು ವಾರ. ದಿನಾ ಹೊಸದಾಗಿ ಕಲೆಸಬೇಕು, ಬೇರೆ ನೀರು ಸಿಗದಂತೆ ನೋಡಿಕೊಳ್ಳಬೇಕು. ಚರಂಡಿ ನೀರು ಕುಡಿದು ಬಂದ ಮರಿ ಔಷಧಿ ನೀರು ಮುಟ್ಟುವುದಿಲ್ಲ. ಪೊಟ್ಟಣದಿಂದ ಪೊಟ್ಟಣಕ್ಕೆ ಪರ್ಸೆಂಟ್ ಬೇರೆ ಇರುತ್ತದೆ. ಓದು ಬಾರದವರು ಓದು ಬಂದ ಮಕ್ಕಳಿಂದ ಓದಿಸಿಕೊಳ್ಳಬೇಕು. ಇಷ್ಟು ಚಿಕ್ಕ ಅಳತೆಗೆ ತಕ್ಕಡಿ ಎಲ್ಲಿದೆ ಅಂತೀರಾ? ಆಭರಣದ ಅಂಗಡಿಯಲ್ಲಿದೆ. ಒಂದು ಸಲ ತೂಗಿಸಿ ಹತ್ತು ಪೊಟ್ಟಣ ಕಟ್ಟಿಸಿಕೊಂಡರೆ ಯಾವ ಸೇಟೂ ಬೇಡ ಅನ್ನೋಲ್ಲ.

ಅಜ್ಜಿ ಮದ್ದಿನ ವಿಚಾರವೂ ಬರಲಿ. ಬೆಳ್ಳುಳ್ಳಿ, ಅರಿಶಿನ, ಈರುಳ್ಳಿ, ಬೇವು, ಮಜ್ಜಿಗೆ, ಒಂದೊಂದು ಮನೆಗೆ ಒಂದೊಂದು. ಇವುಗಳಿಂದ ಸಣ್ಣಪುಟ್ಟ ಅಜೀರ್ಣ ಸರಿಹೋಗಬಹುದು, ತಿನ್ನಿಸುವ ನೆಪದಲ್ಲಿ ಮರಿಯ ಮೇಲೆ ಗಮನ ಹೋಗಬಹುದು. ಬೇಡ ಎನ್ನಲು ಕಾರಣವಿಲ್ಲ. ಸಲ್ಫಾ ಬರುವ ಮುಂಚೆ ಪಶ್ಚಿಮ ದೇಶಗಳಲ್ಲೂ ರಕ್ತಭೇದಿಗೆ ಮಜ್ಜಿಗೆ, ಹಾಲಿನ ಪುಡಿ ತಿನ್ನಿಸುತ್ತಿದ್ದರು. ಆದರೆ ಕರುಳಿನ ಗೋಡೆ ಹರಿದು ರಕ್ತ ಸುರಿಯುವಾಗ ಬೆಳ್ಳುಳ್ಳಿ ನೆಚ್ಚಿ ಎರಡು ದಿನ ಕಾಯುವುದೆಂದರೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಬಾಯಿಗೆ ಸಾರಾಯಿ ತೊಟ್ಟು ಬಿಡುವ ಪದ್ಧತಿಯಂತೂ ಬಿಡಬೇಕಾದ್ದೇ. ಉಪ್ಪು ಸಕ್ಕರೆ ನೀರು ಕೊಡುವವರೂ ಕೈ ಹಿಡಿದು ಕೊಡಲಿ. ಮರಿಕೋಳಿಗೆ ಉಪ್ಪು ಹೆಚ್ಚಾದರೆ ಅದೇ ವಿಷ.

ಮದ್ದಿಗಿಂತ ಮೊದಲು ಬೆಚ್ಚಗೆ ಇಡುವುದು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ಥರ್ಮಾಮೀಟರ್ ಬೇಡ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ. ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ. ಹರಡಿಕೊಂಡು ತಿನ್ನುತ್ತಿದ್ದರೆ ಸರಿಯಾಗಿದೆ. ಕಾಯಿಲೆ ಬಿದ್ದ ಮರಿ ತನ್ನ ಮೈ ಬಿಸಿ ತಾನು ಉಳಿಸಿಕೊಳ್ಳಲಾರದು. ಚಳಿಯಲ್ಲಿಟ್ಟು ಕೊಟ್ಟ ಔಷಧಿ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ನಾಟಿಕೋಳಿಗೆ ಕಾಯಿಲೆ ಬರೋಲ್ವಾ?

"ನಮ್ಮ ಅವ್ವನ ಕಾಲದಲ್ಲಿ ಈ ಕಾಯಿಲೆಗಳೆಲ್ಲ ಎಲ್ಲಿದ್ವು? ನಾಟಿಕೋಳಿಗೆ ಏನೂ ಆಗ್ತಾ ಇರಲಿಲ್ಲ" ಎಂದು ಬಸ್ಸಿನಲ್ಲಿ ಹೇಳುವ ಹಿರಿಯರು ಬೇಕಾದಷ್ಟು. ಕಾಯಿಲೆ ಆಗಲೂ ಇತ್ತು. ಇರಲಿಲ್ಲದ್ದು ರಟ್ಟಿನ ಪೆಟ್ಟಿಗೆ. ಅವ್ವನ ಹ್ಯಾಟೆ ಹತ್ತು ಮರಿ ಕಟ್ಟಿಕೊಂಡು ಹಿತ್ತಲು, ಕಣ, ಬೇಲಿ ಸುತ್ತುತ್ತಿತ್ತು. ಒಂದೇ ಕಡೆ ಹಿಕ್ಕೆ ಬೀಳುತ್ತಿರಲಿಲ್ಲ. ಬಿದ್ದದ್ದು ಬಿಸಿಲಿಗೆ ಒಣಗುತ್ತಿತ್ತು. ಮರಿ ಅಲ್ಲಿ ಇಲ್ಲಿ ಒಂದೊಂದು ಮೊಟ್ಟೆ ನುಂಗಿ, ಕಾಯಿಲೆಯಾಗದಷ್ಟು ಸೋಂಕು ತಗುಲಿಸಿಕೊಂಡು ತಡೆಯುವ ಶಕ್ತಿ ಬೆಳೆಸಿಕೊಳ್ಳುತ್ತಿತ್ತು. ಕಾವು ಕೊಡಲು ರೆಕ್ಕೆ ಇತ್ತು.

ಈಗ ಮರಿ ಬರುವುದು ಹ್ಯಾಚರಿಯಿಂದ. ತಾಯಿಯಿಲ್ಲ, ರೆಕ್ಕೆಯಿಲ್ಲ. ಗಿರಿರಾಜನಂಥ ಒಳ್ಳೆ ತಳಿಯನ್ನು ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲಲ್ಲಿ ಸಾಕುವವರಿಗೆಂದೇ ರೂಪಿಸಿಕೊಟ್ಟರು. ತಳಿ ಎಷ್ಟೇ ಗಟ್ಟಿಯಾಗಿದ್ದರೂ ಮೊದಲ ಆರು ವಾರ ಅದು ಕೂಸೇ. ಆ ಆರು ವಾರ ದಾಟಿಸುವ ವಿದ್ಯೆಯನ್ನು ಮರಿಯ ಜೊತೆ ಯಾರೂ ಕಟ್ಟಿಕೊಡುವುದಿಲ್ಲ.

ಇನ್ನು ಬಸ್ ಸ್ಟ್ಯಾಂಡುಗಳ ಹತ್ತಿರ, ಸಂತೆ ಮೂಲೆಗಳಲ್ಲಿ ಕುಕ್ಕೆ ತುಂಬಾ ಗುಲಾಬಿ, ಹಸಿರು, ನೇರಳೆ ಬಣ್ಣದ ಮರಿ ಮಾರುವವರ ವ್ಯಾಪಾರ. ಇವು ಬಹುಮಟ್ಟಿಗೆ ಮೊಟ್ಟೆಕೋಳಿ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮೈ ಕಟ್ಟುವುದೂ ನಿಧಾನ. ಬಣ್ಣದ ನೀರಿನಲ್ಲಿ ಅದ್ದಿ ತೆಗೆದರೆ ಚಳಿ ಹಿಡಿಯದೆ ಇರುತ್ತದೆಯೇ? ಮಗು ಹಟ ಮಾಡುತ್ತದೆ, ಅಪ್ಪ ಎರಡು ಮರಿ ಕೊಂಡು ಟಿಫಿನ್ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಮನೆಯಲ್ಲಿ ಮೊದಲೇ ಇದ್ದ ಅಮ್ಮನ ಹದಿನೈದು ಮರಿಗಳ ಜೊತೆ ಇವನ್ನೂ ಬಿಡುತ್ತಾರೆ. ವಾರದಲ್ಲಿ ಬಣ್ಣದ ಮರಿಯೂ ಇಲ್ಲ, ಅಮ್ಮನ ಮರಿಯೂ ಇಲ್ಲ. ಹೊಸ ಮರಿಯನ್ನು ಎರಡು ವಾರವಾದರೂ ಬೇರೆ ಇಡಬೇಕೆಂಬ ಒಂದು ಮಾತು ಗೊತ್ತಿದ್ದರೆ ಸಾಕಿತ್ತು.

ಮಕ್ಕಳ ಮಾತು ಬಂದಾಗ ಇನ್ನೊಂದು. ಕೋಳಿಯ ಐಮೀರಿಯಾ ಮನುಷ್ಯನಿಗೆ ಹತ್ತುವುದಿಲ್ಲ. ಆದರೆ ಮರಿಯ ಹಿಕ್ಕೆಯಲ್ಲಿರುವ ಬೇರೆ ಜಾತಿಯ ಸಾಲ್ಮೊನೆಲ್ಲಾಗಳು ಹತ್ತುತ್ತವೆ. ಮರಿಗೆ ಮುತ್ತು ಕೊಟ್ಟ ಮಗುವಿಗೆ ನಾಳೆ ವಾಂತಿಭೇದಿ. ಮರಿ ಮುಟ್ಟಿದ ಕೈಗೆ ಸೋಪು ಬೀಳಬೇಕು. ಕಾಯಿಲೆ ಮರಿಯನ್ನು ಅಡುಗೆಮನೆ ಒಲೆ ಪಕ್ಕ ಬೆಚ್ಚಗಿಡುವ ಪದ್ಧತಿ ನಿಲ್ಲಬೇಕು.

ಇಪ್ಪತ್ತು ರೂಪಾಯಿ ಮರಿಗೆ ಡಾಕ್ಟರೇ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಮೂರು ಕಾಸಿನ ಮರಿಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರಾ? ಆಕ್ಷೇಪಣೆಯಲ್ಲಿ ಅರ್ಥವಿದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಉಳಿಯಿತು, ನಿಜ. ಕಳೆದುಹೋಗುವ ಹೊತ್ತಿಗೆ ಯಾವ ಯೋಜನೆಯೂ ಇಲ್ಲ. ಹಳ್ಳಿ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಕೂಲಿ ಮುಗಿಸಿ ಬರುವ ಹೊತ್ತಿಗೆ ಪಶು ಆಸ್ಪತ್ರೆಯ ಬಾಗಿಲು ಹಾಕಿರುತ್ತದೆ, ಮೆಡಿಕಲ್ ಸ್ಟೋರಿನ ದೀಪ ಉರಿಯುತ್ತಿರುತ್ತದೆ. ಅವಳು ಎಲ್ಲಿಗೆ ಹೋಗಬೇಕು? ದೀಪ ಇರುವ ಕಡೆಗೇ ಹೋಗುತ್ತಾಳೆ. ಅದನ್ನು ತಪ್ಪೆನ್ನುವವರು ಮೊದಲು ಬಸ್ಸಿನ ವೇಳಾಪಟ್ಟಿ ನೋಡಲಿ.

ಆದರೆ ಮರಿ ಇಪ್ಪತ್ತು ರೂಪಾಯಿಯದಲ್ಲ. ಆರು ತಿಂಗಳು ಬೆಳೆದರೆ ಅದೇ ಮೊಟ್ಟೆ, ಅದೇ ಹಬ್ಬದ ಸಾರು, ಅದೇ ಮಗಳ ಶಾಲೆ ಫೀಜು. ಹಿತ್ತಲ ಕೋಳಿಯ ದುಡ್ಡು ಗಂಡಸರ ಜೇಬಿಗೆ ಹೋಗುವ ದುಡ್ಡಲ್ಲ. ಅದು ಸಾಸಿವೆ ಡಬ್ಬಿಯ ದುಡ್ಡು. ಸೊಸೈಟಿ ಸಾಲ ಕಟ್ಟಲು, ಔಷಧಿ ತರಲು, ತವರಿಗೆ ಹೋಗಲು ಯಾರನ್ನೂ ಕೇಳದೆ ತೆಗೆದುಕೊಳ್ಳುವ ದುಡ್ಡು. ಹದಿನೈದು ಮರಿ ಒಂದು ವಾರದಲ್ಲಿ ಸತ್ತರೆ ಹೋಗುವುದು ಆ ಡಬ್ಬಿ. ಹಾಗಾಗಿ ಇದು ಕೋಳಿಯ ವಿಷಯ ಎಂದು ನಗುವಂತಿಲ್ಲ.

ಲಸಿಕೆಯ ಕಷ್ಟ ಬೇರೆ. ರಾಣಿಖೇತ್ ರೋಗಕ್ಕೆ ಮರಿಯ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎರಡು ತಿಂಗಳ ಹೊತ್ತಿಗೆ ಒಂದು ಸೂಜಿ. ಕೆಲಸ ಇಷ್ಟೇ. ಆದರೆ ಶೀಷೆ ಬರುವುದು ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಕಲೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅದೂ ಮಂಜುಗಡ್ಡೆಯಲ್ಲಿಟ್ಟು. ಹತ್ತು ಮರಿಯ ಮನೆಯವಳಿಗೆ ನೂರರ ಶೀಷೆ ಒಡೆದರೆ ತೊಂಬತ್ತು ಚರಂಡಿಗೆ. ಆಸ್ಪತ್ರೆಯವರು ಒಡೆಯಲು ಹಿಂಜರಿಯುತ್ತಾರೆ. ಅವಳು ಕೇಳಲು ಹಿಂಜರಿಯುತ್ತಾಳೆ. ಇಬ್ಬರ ನಡುವೆ ರೋಗ ಮಾತ್ರ ಹಿಂಜರಿಯುವುದಿಲ್ಲ. ಕೇರಿಯ ಹತ್ತು ಮನೆ ಒಂದು ದಿನ ಗೊತ್ತು ಮಾಡಿಕೊಂಡು ಒಟ್ಟಿಗೆ ಬಂದರೆ ಅದೇ ಶೀಷೆ ಸರಿಹೋಗುತ್ತದೆ. ಸ್ತ್ರೀಶಕ್ತಿ ಸಂಘಗಳು ವಾರವಾರ ಸಭೆ ಸೇರಿ ಉಳಿತಾಯದ ಲೆಕ್ಕ ಬರೆಯುತ್ತವೆ. ಅದೇ ಪುಸ್ತಕದಲ್ಲಿ ಮರಿಯ ಲೆಕ್ಕಕ್ಕೂ ಒಂದು ಪುಟ ತೆರೆಯಲಿ.

ಅಂಗಡಿಯವರ ಪಾಲು

ವ್ಯಾಪಾರಿಗಳಿಗೆ ಬುದ್ಧಿ ಹೇಳುವುದು ಸುಲಭ, ಗಿರಾಕಿ ಕಳೆದುಕೊಳ್ಳುವುದು ಕಷ್ಟ. "ನಾನು ಕೊಡದಿದ್ರೆ ಪಕ್ಕದ ಅಂಗಡಿಯವ್ನು ಕೊಡ್ತಾನೆ" ಎಂಬ ಮಾತು ಸುಳ್ಳಲ್ಲ. ಆದರೂ ಚೀಟಿಯಿಲ್ಲದೆ ಆಂಟಿಬಯಾಟಿಕ್ ಬಿಡಿಬಿಡಿಯಾಗಿ ಮಾರುವುದು ಕಾನೂನಿಗೆ ವಿರೋಧ, ಅದು ಮನುಷ್ಯನಿಗಾದರೂ ಸರಿ, ಕೋಳಿಗಾದರೂ ಸರಿ. ಅರೆಬರೆ ಮದ್ದು ಕಂಡ ರೋಗಾಣು ಮದ್ದಿಗೆ ಬಗ್ಗದಂತೆ ಬಲಿಯುತ್ತದೆ. ಇದೇ ಭಯದಿಂದ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ, ದನ, ಮೀನುಗಳಿಗೆ ಕೊಲಿಸ್ಟಿನ್ ಎಂಬ ಔಷಧಿ ಕೊಡುವುದನ್ನೇ ನಿಷೇಧ ಮಾಡಿತು. ಅದು ಮನುಷ್ಯರಿಗೆ ಬೇರಾವ ಮದ್ದೂ ಹತ್ತದಾಗ ಕೊನೆಗೆ ಕೊಡುವ ಔಷಧಿ. ಕೋಳಿಗೂಡಿನಲ್ಲಿ ಹಾಳಾದ ಔಷಧಿ ನಾಳೆ ಅದೇ ಅಂಗಡಿಯವನ ಮಗುವಿಗೆ ಬೇಕಾದಾಗ ಕೆಲಸ ಮಾಡದಿದ್ದರೆ?

ಅಂಗಡಿಯವರು ಮಾಡಬಹುದಾದ್ದು ದೊಡ್ಡದೇನಲ್ಲ. ಕೋಳಿಗೆ ಎಂದವರಿಗೆ ಕ್ಯಾಪ್ಸೂಲ್ ಕೊಡದೆ "ವಯಸ್ಸೆಷ್ಟು, ಹಿಕ್ಕೆ ಯಾವ ಬಣ್ಣ?" ಎಂದು ಎರಡು ಮಾತು ಕೇಳಲಿ. ಕೋಳಿ ಆಹಾರ ಮಾರುವವರು ಆಂಪ್ರೋಲಿಯಂ ಪೊಟ್ಟಣ ಇಟ್ಟು, ಅಳತೆಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮರಿಗಳ ಸ್ಟಾರ್ಟರ್ ಫೀಡಿನಲ್ಲಿ ರಕ್ತಭೇದಿ ತಡೆಯುವ ಮದ್ದು ಸಾಮಾನ್ಯವಾಗಿ ಬೆರೆಸಿರುತ್ತಾರೆ. ರಾಗಿ, ಅಕ್ಕಿನುಚ್ಚು ಹಾಕಿ ಸಾಕಿದ ಮರಿಗೆ ಆ ರಕ್ಷಣೆ ಇಲ್ಲ. ಮೊದಲ ಆರು ವಾರಕ್ಕಾದರೂ ಒಂದೆರಡು ಕಿಲೋ ಬಿಡಿಯಾಗಿ ತೂಗಿ ಕೊಟ್ಟರೆ ಅಂಗಡಿಗೂ ವ್ಯಾಪಾರ, ಮರಿಗೂ ಆಯುಸ್ಸು. ಮೂಟೆ ಒಡೆಯೋಲ್ಲ ಎಂದು ಹಟ ಹಿಡಿಯುವವರು ಇದನ್ನು ಯೋಚಿಸಲಿ.

ಇಲಾಖೆ ಎದ್ದೇಳಲಿ

ಇನ್ನು ಸರ್ಕಾರದ ಕಡೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಹೋಬಳಿಗಳಲ್ಲಿ ಆಸ್ಪತ್ರೆಗಳಿವೆ. 1962ಕ್ಕೆ ಫೋನು ಮಾಡಿದರೆ ಪಶು ಚಿಕಿತ್ಸಾ ವಾಹನದ ವ್ಯವಸ್ಥೆ ಇದೆ. ಇಷ್ಟಿದ್ದೂ ಹಸುವಿಗೆ ಕೊಟ್ಟ ಮರ್ಯಾದೆ ಕೋಳಿಗೆ ಸಿಕ್ಕುವುದಿಲ್ಲ. "ಕೋಳಿ ತಾನೇ" ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಕೋಳಿ ಕೇಳಿ ಯಾರೂ ಮಸಾಲೆ ಅರೆಯೋಲ್ಲ ಸರಿ, ಕೋಳಿ ಸಾಕಿದವಳನ್ನಾದರೂ ಕೇಳಬೇಡವೇ?

ಆಗಬೇಕಾದ್ದು ಮೂರು. ಒಂದು, ಸಂತೆಯ ದಿನ ಸಂತೆಯ ಜಾಗದಲ್ಲೇ ಎರಡು ಗಂಟೆ ಲಸಿಕೆಯ ಮೇಜು. ನೂರು ಮರಿ ತಾನಾಗಿ ಸೇರುತ್ತವೆ, ಶೀಷೆ ದಂಡವಾಗುವ ಮಾತೇ ಇಲ್ಲ. ಕಾಯಿಲೆ ಮರಿಯನ್ನು ಮಾತ್ರ ಸಂತೆಗೆ ತರಬಾರದು ಎಂದು ತಮಟೆ ಹೊಡೆಸಲಿ. ಎರಡು, ವಾರದಲ್ಲಿ ಒಂದು ದಿನವಾದರೂ ಪಶು ಆಸ್ಪತ್ರೆ ಸಂಜೆ ಬಸ್ಸಿನ ಹೊತ್ತಿನವರೆಗೆ ತೆರೆದಿರಲಿ. ಆಗತಾನೆ ಸತ್ತ ಒಂದು ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಂದರೆ, ಡಾಕ್ಟರು ಹೊಟ್ಟೆ ಸೀಳಿ ನೋಡಿ ಸ್ವಲ್ಪ ಹೊತ್ತಿನಲ್ಲೇ ಹೇಳಬಲ್ಲರು: ಕರುಳಿನ ಕೊನೆಯ ಎರಡು ಚೀಲಗಳಲ್ಲಿ ರಕ್ತ ತುಂಬಿದ್ದರೆ ರಕ್ತಭೇದಿ ಎಂದು. ಉಳಿದ ಹನ್ನೆರಡಕ್ಕೆ ಸರಿಯಾದ ಮದ್ದು ಸಿಗುತ್ತದೆ. ಮೂರು, ಬಣ್ಣದ ಮರಿ ಮಾರಾಟಕ್ಕೆ ನಗರಸಭೆ, ಪುರಸಭೆಗಳು ಕಡಿವಾಣ ಹಾಕಲಿ.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ. ಒಂದೇ ಸಲ ಕೇರಿಯ ಕೋಳಿ, ಕಾಗೆ ಎಲ್ಲ ಬಿದ್ದು ಸಾಯುತ್ತಿದ್ದರೆ ಮನೆಮದ್ದಿನ ಮಾತೇ ಬೇಡ. ಮುಟ್ಟದೆ ಇಲಾಖೆಗೆ ತಿಳಿಸಬೇಕು. 2012ರಲ್ಲಿ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ್ದೇ ಕೋಳಿ ಕೇಂದ್ರಕ್ಕೆ ಹಕ್ಕಿಜ್ವರ ನುಗ್ಗಿತ್ತು. ಸರ್ಕಾರಿ ಬೇಲಿ ದಾಟಿದ ರೋಗ ಹಿತ್ತಲ ಬೇಲಿಗೆ ಹೆದರೀತೇ? ಸತ್ತ ಮರಿ ತಿಪ್ಪೆಗೆ, ಕಾಲುವೆಗೆ ಎಸೆಯುವುದು ನಿಲ್ಲಲಿ. ಆಳದ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು.

ಮಳೆಗಾಲಕ್ಕೆ ಮುಂಚೆ ಮನೆ ಹೆಂಚು ಸರಿಮಾಡುವುದು, ಸೌದೆ ಒಳಗಿಡುವುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಜೊತೆಗೆ ಒಂದು ಮೂಟೆ ಒಣ ಭತ್ತದ ಹೊಟ್ಟು, ಒಂದು ಪೊಟ್ಟಣ ಆಂಪ್ರೋಲಿಯಂ ಸೇರಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಇನ್ನೆಷ್ಟು ಮಳೆಗಾಲ? ಪೊರಕೆ ಹಿಡಿಯಬೇಕಾದವರು ಪೊರಕೆ ಹಿಡಿಯಲಿ, ಶೀಷೆ ಹಿಡಿಯಬೇಕಾದವರು ಶೀಷೆ ಹಿಡಿಯಲಿ, ಕತ್ತರಿ ಹಿಡಿದು ಕ್ಯಾಪ್ಸೂಲು ಕತ್ತರಿಸುವವರು ಒಂದು ಗಳಿಗೆ ಕೈ ತಡೆಯಲಿ. ಸಂಬಂಧಪಟ್ಟವರು ಈ ಮುಂಗಾರಿಗಾದರೂ ಇತ್ತ ಗಮನ ಹರಿಸುವರೇ?